ಬಾಗಿಲ ಹೊರಗಿನ ಹುಡುಗ

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಯುವಕರ ನಿರುದ್ಯೋಗದ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದ್ದಾರೆ. ನಮ್ಮ ಮುಂಬಯಿಯ ಕಥೆಯಿಂದಲೇ ಆರಂಭಿಸಬಹುದಿತ್ತು. ಆದರೆ ಅದರಲ್ಲಿ ಎಲ್ಲರ ಮನೆಯ ನೋವೂ ಬೆರೆತಿರುವುದರಿಂದ ಮಾತು ಬೇಗನೆ ಜಗಳಕ್ಕೆ ತಿರುಗುತ್ತದೆ. ಆದುದರಿಂದ ಮೊದಲು ದೂರದ ಕಲ್ಕತ್ತೆಗೆ, ಅಲ್ಲಿನ ಪಾರ್ಕ್ ಸ್ಟ್ರೀಟಿಗೆ ತಮ್ಮನ್ನು ಕರೆದೊಯ್ಯುತ್ತೇನೆ. ಅದು ಹೋಟೆಲುಗಳ ಬೀದಿ. ಅಲ್ಲಿ ನಡೆದುದು ನಮಗೆ ಬೇರೆಯವರು ಬಿಡಿಸಿ ಹೇಳದೆಯೇ ಅರ್ಥವಾಗುತ್ತದೆ.

ಚೌರಂಗಿಯಿಂದ ಹೊರಡುವ ಈ ರಸ್ತೆಗೆ 2004ರಲ್ಲಿ ಮದರ್ ತೆರೇಸಾ ಸರಣಿ ಎಂದು ಹೆಸರಿಟ್ಟರು. ಜನರ ಬಾಯಲ್ಲಿ ಹಳೆಯ ಹೆಸರೇ ಉಳಿದಿದೆ. 1927ರಷ್ಟು ಹಿಂದೆಯೇ ಫ್ಲೂರೀಸ್ ಎಂಬ ಚಹಾ ಮತ್ತು ಕೇಕಿನ ಅಂಗಡಿ ಅಲ್ಲಿ ತೆರೆಯಿತು. 1950 ಮತ್ತು 60ರ ದಶಕಗಳಲ್ಲಿ ಟ್ರಿಂಕಾಸ್, ಮೊಕಾಂಬೊ, ಬ್ಲೂ ಫಾಕ್ಸ್, ಸ್ಕೈ ರೂಂ ಎಂಬ ದೊಡ್ಡ ದೊಡ್ಡ ಊಟದ ಮನೆಗಳು ಸಾಲಾಗಿ ನಡೆಯುತ್ತಿದ್ದವು. ಸಂಜೆಯಾದರೆ ದೀಪಗಳ ಝಗಝಗ, ಒಳಗೆ ಬ್ಯಾಂಡಿನ ಹಾಡು. ಹಾಡು ಕೇಳಿದವರು ಅದರ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ಆದರೆ ಒಂದೊಂದು ಮೇಜಿನ ಹಿಂದೆ ಎಷ್ಟು ಕೈಗಳು ಬೇಕೆಂಬುದು ಬರೆದವರಿಗಿಂತ ತಮಗೇ ಚೆನ್ನಾಗಿ ಗೊತ್ತು: ಬಡಿಸುವವನು, ಅಡಿಗೆಯವನು, ಪಾತ್ರೆ ತೊಳೆಯುವವನು, ಬಾಗಿಲು ಕಾಯುವವನು, ಮೇಜಿನ ಬಟ್ಟೆ ಒಗೆದು ತರುವ ಧೋಬಿ.

ಆ ಮೇಜುಗಳಿಗೆ ಬಂದು ಕುಳಿತುಕೊಳ್ಳುತ್ತಿದ್ದವರಲ್ಲಿ ಸೆಣಬು, ಚಹಾ ಮತ್ತು ಕಬ್ಬಿಣದ ಕೆಲಸದ ಕಂಪೆನಿಗಳ ಅಧಿಕಾರಿಗಳು ಬಹಳ ಮಂದಿ. ಅವರ ಸಂಬಳ ಎಲ್ಲಿಂದ ಬರುತ್ತಿತ್ತು? ಹೂಗ್ಲಿ ನದಿಯ ದಂಡೆಯ ಸೆಣಬಿನ ಗಿರಣಿಗಳಿಂದ, ಹಾವಡಾದ ಎರಕದ ಮನೆಗಳಿಂದ, ರೈಲ್ವೆಯ ಸಾಮಾನು ಗಾಡಿ ಕಟ್ಟುವ ಕಾರಖಾನೆಗಳಿಂದ. ಈಗ ನೋಡಿ. 1965ರಲ್ಲಿ ಮಳೆ ಹೋಯಿತು, 1966ರಲ್ಲಿ ಮತ್ತೊಮ್ಮೆ ಹೋಯಿತು. ಅದೇ 1966ರ ಜೂನ್ 6ರಂದು ರೂಪಾಯಿಯ ಬೆಲೆ ಇಳಿಸಿದರು. 4 ರೂಪಾಯಿ 76 ಪೈಸೆಗೆ ಸಿಗುತ್ತಿದ್ದ ಡಾಲರಿಗೆ ಏಳೂವರೆ ರೂಪಾಯಿ ಕೊಡಬೇಕಾಯಿತು. ಪಂಚವಾರ್ಷಿಕ ಯೋಜನೆಯನ್ನು ಮೂರು ವರ್ಷ ಬದಿಗಿಟ್ಟರು. ಸರಕಾರದ ಕೈ ಬಿಗಿಯಾದಾಗ ರೈಲ್ವೆಯವರು ಹೊಸ ಗಾಡಿಗಳ ಬೇಡಿಕೆಯನ್ನು ಕಡಿಮೆ ಮಾಡಿದರು. ಗಾಡಿ ಬೇಡವೆಂದರೆ ಹಾವಡಾದ ಕುಲುಮೆ ಆರಿತು. ಕುಲುಮೆ ಆರಿದರೆ ಕಂಪೆನಿಯ ಕಚೇರಿಯಲ್ಲಿ ಖರ್ಚಿಗೆ ಕತ್ತರಿ. ಬಿಹಾರದ ಹೊಲದಲ್ಲಿ ಬತ್ತ ಒಣಗಿದುದರ ಫಲವಾಗಿ ಪಾರ್ಕ್ ಸ್ಟ್ರೀಟಿನಲ್ಲಿ ಒಂದು ಮೇಜು ಖಾಲಿಯಾಗುವುದೆಂದರೆ ಹೀಗೆ.

ಇದಕ್ಕೆಲ್ಲ ಘೇರಾವೋ ಮಾಡಿದ ಕಾರ್ಮಿಕರೇ ಕಾರಣವೆಂದು ಮಾಲಿಕರ ಪಕ್ಷದವರು ಇಂದಿಗೂ ಹೇಳುವುದುಂಟು. ಘೇರಾವೋಗಳು ನಡೆದುವು, ಅದರಿಂದ ಬಂಡವಾಳ ಹೆದರಿತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅವು ಹಬ್ಬಿದುದು 1967ರ ಸಂಯುಕ್ತರಂಗದ ಸರಕಾರದ ಕಾಲದಲ್ಲಿ; ಗಾಡಿಗಳ ಬೇಡಿಕೆ ಅದಕ್ಕೂ ಮುಂಚೆಯೇ ಬಿದ್ದಿತ್ತು. ಮುಂದೆ 1970ರ ದಶಕದಲ್ಲಿ ಗಂಟೆಗಟ್ಟಲೆ ವಿದ್ಯುತ್ ಇಲ್ಲವಾಯಿತು. ಗಾಡಿ ಕಟ್ಟುವ ದೊಡ್ಡ ಕಾರಖಾನೆಗಳನ್ನು ಸರಕಾರವೇ ವಹಿಸಿಕೊಳ್ಳಬೇಕಾಯಿತು. ಬ್ಯಾಂಡಿನವರಲ್ಲಿ ಎಷ್ಟೋ ಮಂದಿ ನಮ್ಮ ಮುಂಬಯಿಗೆ ಬಂದರು. ಸ್ಕೈ ರೂಂ 1993ರಲ್ಲಿ ಮುಚ್ಚಿತು.

ಆದರೆ ನಾನು ಹೇಳಬೇಕೆಂದಿರುವುದು ಮುಚ್ಚಿದ ಹೋಟೆಲಿನ ಮಾತಲ್ಲ. ಹೋಟೆಲು ಮುಚ್ಚುವುದಕ್ಕೆ ಎಷ್ಟೋ ವರ್ಷ ಮೊದಲೇ ಒಂದು ಸಂಗತಿ ನಡೆದಿರುತ್ತದೆ, ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ವ್ಯಾಪಾರ ಇಳಿದಾಗ ಮಾಲಿಕನು ಇಪ್ಪತ್ತು ವರ್ಷದ ಹಳೆಯ ನೌಕರನನ್ನು ತೆಗೆಯಲು ಹಿಂದೆಮುಂದೆ ನೋಡುತ್ತಾನೆ. ತೆಗೆದರೆ ಪರಿಹಾರ ಕೊಡಬೇಕು, ಯೂನಿಯನ್ ಎದುರಾಗುತ್ತದೆ, ಪತ್ರಿಕೆಯಲ್ಲಿ ಬರುತ್ತದೆ. ಹೊಸಬನನ್ನು ಸೇರಿಸಿಕೊಳ್ಳದಿರಲು ಯಾರಿಗೂ ಉತ್ತರ ಕೊಡಬೇಕಾಗಿಲ್ಲ. “ಮುಂದಿನ ತಿಂಗಳು ಬಾ” ಎಂದರೆ ಮುಗಿಯಿತು. ಅದನ್ನು ಯಾವ ಪುಸ್ತಕದಲ್ಲಿಯೂ ಬರೆಯುವುದಿಲ್ಲ. ಕೆಲಸ ಕಳೆದುಕೊಂಡವನಿಗೆ ಹೇಳಿಕೊಳ್ಳಲು ಒಂದು ಕೆಲಸವಾದರೂ ಇತ್ತು. ಈ ಹುಡುಗನಿಗೆ ಅದೂ ಇಲ್ಲ.

1970ರಲ್ಲಿ ಸತ್ಯಜಿತ್ ರಾಯರು ‘ಪ್ರತಿದ್ವಂದಿ’ ಎಂಬ ಚಿತ್ರ ತೆಗೆದರು. ತಂದೆ ತೀರಿಕೊಂಡುದರಿಂದ ವೈದ್ಯಕೀಯ ಓದನ್ನು ಬಿಟ್ಟ ಯುವಕನೊಬ್ಬ ಅದೇ ಕಲ್ಕತ್ತೆಯಲ್ಲಿ ಕೆಲಸಕ್ಕಾಗಿ ಅಲೆಯುತ್ತಾನೆ. ಸಂದರ್ಶನಕ್ಕೆ ಬಂದ ಹುಡುಗರಿಗೆ ಕುಳಿತುಕೊಳ್ಳಲು ಸಾಕಷ್ಟು ಕುರ್ಚಿಗಳಿಲ್ಲ; ಸೆಕೆಯಲ್ಲಿ ನಿಂತು ನಿಂತು ಒಬ್ಬ ಮೂರ್ಛೆ ಹೋಗುತ್ತಾನೆ. ಕೇಳುವ ಪ್ರಶ್ನೆಗಳಿಗೂ ಮಾಡುವ ಕೆಲಸಕ್ಕೂ ಸಂಬಂಧವಿಲ್ಲ. ಸಾಧ್ಯವಾದರೆ ಆ ಚಿತ್ರವನ್ನು ತಾವೆಲ್ಲ ನೋಡಬೇಕು; ಭಾಷೆ ತಿಳಿಯದಿದ್ದರೂ ಆ ಮೊಗಸಾಲೆ ತಿಳಿಯುತ್ತದೆ. ಅದೇ ವರ್ಷಗಳಲ್ಲಿ ಆ ನಗರದ ಓದಿದ ಹುಡುಗರು ಕೆಲವರು ಬಂದೂಕಿನ ದಾರಿ ಹಿಡಿದರು. ಎಲ್ಲರೂ ಕೆಲಸವಿಲ್ಲದೆಯೇ ಹೋದರೆಂದು ನಾನು ಹೇಳಲಾರೆ. ಆದರೆ ಹೊರಗೆ ನಿಲ್ಲಿಸಿದ ಹುಡುಗನು ಹೊರಗೆ ಸುಮ್ಮನೆ ನಿಂತೇ ಇರುತ್ತಾನೆಂದು ಯಾರೂ ನಂಬಬೇಡಿ.

ಈಗ ನಮ್ಮ ಊರಿಗೆ ಬರೋಣ. ಇಲ್ಲಿರುವ ಹಿರಿಯರಲ್ಲಿ ಬದಲಿ ಕಾರ್ಡು ಹಿಡಿದು ಪಾಳಿಯ ಹೊತ್ತಿಗೆ ಗಿರಣಿಯ ಬಾಗಿಲಲ್ಲಿ ನಿಂತವರಿದ್ದೀರಿ. ಯಾರಾದರೂ ರಜೆ ಹಾಕಿದರೆ ಒಳಗೆ, ಇಲ್ಲದಿದ್ದರೆ ವಾಪಸು ಚಾಳಿಗೆ. ನೂಲಿಗೆ ಬೇಡಿಕೆ ಇಳಿದಾಗ ಬದಲಿಯವನನ್ನು ಯಾರೂ ವಜಾ ಮಾಡುತ್ತಿರಲಿಲ್ಲ, ಕರೆಯುತ್ತಿರಲಿಲ್ಲ, ಅಷ್ಟೆ. 1982ರ ಜನವರಿ 18ರಂದು ಮುಷ್ಕರ ಆರಂಭವಾದಾಗ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಬಂದರು. ಅವರನ್ನು ಲೆಕ್ಕ ಹಾಕಿದ್ದೇವೆ. ಅವರ ಹಿಂದೆ ಗಿರಣಿಗೆ ಸೇರಬೇಕಾಗಿದ್ದ ತಮ್ಮಂದಿರನ್ನೂ ಮಕ್ಕಳನ್ನೂ ಯಾರು ಲೆಕ್ಕ ಹಾಕಿದರು?

2020ರ ಮಾರ್ಚ್ 25ರ ಲಾಕ್‌ಡೌನಿನಲ್ಲಿ ಹೋಟೆಲುಗಳ ಒಲೆ ಆರಿತು. ಮೇ ತಿಂಗಳಲ್ಲಿ ನಮ್ಮ ಹುಡುಗರು ಉಡುಪಿ, ಕುಂದಾಪುರದ ಕಡೆಗೆ ಮರಳಿದರು. ಹುಟ್ಟಿದ ಊರಿನ ಶಾಲೆಗಳಲ್ಲಿ ಅವರನ್ನು ಪ್ರತ್ಯೇಕವಾಗಿ ಇಟ್ಟರು. ಆ ಏಪ್ರಿಲಿನಿಂದ ಜೂನಿನವರೆಗಿನ ಸರಕಾರಿ ಸಮೀಕ್ಷೆಯ ಪ್ರಕಾರ, ನಗರಗಳಲ್ಲಿ ದುಡಿಯಲು ಹೊರಟ 15ರಿಂದ 29 ವಯಸ್ಸಿನವರಲ್ಲಿ ನೂರಕ್ಕೆ ಸುಮಾರು 35 ಜನರಿಗೆ ಕೆಲಸವಿರಲಿಲ್ಲ. ಎಲ್ಲ ವಯಸ್ಸಿನವರನ್ನೂ ಕೂಡಿಸಿ ಹೇಳಿದರೆ ನೂರಕ್ಕೆ 21. ಈ ಎರಡು ಸಂಖ್ಯೆಗಳ ನಡುವಿನ ಅಂತರವೇ ನನ್ನ ಇಂದಿನ ವಿಷಯ.

ಕಾನೂನನ್ನೇ ತೆಗೆದುಕೊಳ್ಳಿ. 1947ರ ಕೈಗಾರಿಕಾ ವಿವಾದಗಳ ಕಾಯಿದೆಗೆ 1953ರಲ್ಲಿ ಸೇರಿಸಿದ ಕಲಮಿನಂತೆ, ಜನರನ್ನು ಕಡಿಮೆ ಮಾಡುವಾಗ ಕೊನೆಗೆ ಬಂದವನು ಮೊದಲು ಹೋಗಬೇಕು. 2020ರ ಸಂಹಿತೆಯಲ್ಲೂ ಅದೇ ತತ್ತ್ವ ಉಳಿಯಿತು. ಮಾಲಿಕನು ತನಗೆ ಬೇಡವಾದವರನ್ನು ಆರಿಸಿ ತೆಗೆಯದಂತೆ ಅದು ತಡೆಯುತ್ತದೆ. ಅದಕ್ಕಾಗಿ ಹೋರಾಡಿದವರು ತಪ್ಪು ಮಾಡಲಿಲ್ಲ. ಇ.ಎಸ್.ಐ.ಯಲ್ಲಿ 2018ರಲ್ಲಿ ತಂದ ನಿರುದ್ಯೋಗ ಪರಿಹಾರವನ್ನು 2020ರಲ್ಲಿ ಅರ್ಧ ಕೂಲಿಗೆ, 90 ದಿನಗಳವರೆಗೆ ಏರಿಸಿದರು. ಅದೂ ಒಳ್ಳೆಯದೇ. ಆದರೆ ವಿಮೆಗೆ ಒಳಪಟ್ಟ ಕೆಲಸ ಮಾಡಿದವನಿಗೆ ಮಾತ್ರ ಅದು ಸಿಕ್ಕುವುದು. ಕರ್ನಾಟಕದ ಯುವನಿಧಿ 2024ರ ಜನವರಿಯಲ್ಲಿ ಆರಂಭವಾದಾಗ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾ ಆದವರಿಗೆ 1,500 ರೂಪಾಯಿ ಗೊತ್ತುಮಾಡಿದರು. ಹತ್ತನೆಯ ತರಗತಿ ಬಿಟ್ಟು ಟೇಬಲ್ ಒರೆಸಲು ಬಂದ ಮಾಣಿ ಇವೆರಡಕ್ಕೂ ಹೊರಗೆ.

ಬಂಧುಗಳೇ, ನಮ್ಮ ಸಂಘವಾದರೂ ಏನು ಮಾಡಿದೆ? ನಿಯಮಾವಳಿ ತೆರೆದು ನೋಡಿ. ಸದಸ್ಯನಾಗಬೇಕಾದರೆ ಎಲ್ಲಿ ಕೆಲಸವೆಂದು ಬರೆಯಬೇಕು. ಕೆಲಸವಿಲ್ಲದವನಿಗೆ ಕಾಲಂ ಇಲ್ಲ. ಊರಿನಿಂದ ಬಂದು ಅಣ್ಣನ ಕೋಣೆಯಲ್ಲಿ ಚಾಪೆ ಹಾಸಿಕೊಂಡಿರುವ ಹುಡುಗ ನಮ್ಮ ವಾಚನಾಲಯದಲ್ಲಿ ಪತ್ರಿಕೆ ಓದಬಹುದು, ಸಭೆಯಲ್ಲಿ ಕೈ ಎತ್ತುವಂತಿಲ್ಲ. ಮನೆಯಲ್ಲಿ ನಾವು ಅವನನ್ನು ಸೋಮಾರಿ ಎನ್ನುತ್ತೇವೆ. ಒಂದೇ ವರ್ಷದಲ್ಲಿ ಊರಿನ ಹುಡುಗರೆಲ್ಲ ಒಟ್ಟಿಗೆ ಸೋಮಾರಿಗಳಾಗುವುದು ಹೇಗೆಂದು ನಾನಂತೂ ಅರಿಯೆ.

ಇಂದು ಮಂಡಿಸುವ ಠರಾವಿನಲ್ಲಿ ಇರುವುದಿಷ್ಟು: ಇಪ್ಪತ್ತೈದು ವರ್ಷದೊಳಗಿನ, ಕೆಲಸವಿಲ್ಲದ ಕನ್ನಡಿಗ ಹುಡುಗರನ್ನೂ ಹುಡುಗಿಯರನ್ನೂ ವರ್ಗಣಿಯಿಲ್ಲದೆ ಸದಸ್ಯರನ್ನಾಗಿ ಮಾಡಿಕೊಳ್ಳುವುದು, ಅವರಿಗೆ ಮತದ ಹಕ್ಕು ಕೊಡುವುದು. ಇದರಿಂದ ನಮ್ಮ ಮಾತಿನ ತೂಕ ಕಡಿಮೆಯಾದೀತೆಂದು ಕೆಲವು ಹಿರಿಯರು ಅನುಮಾನ ಪಡುತ್ತಿದ್ದಾರೆ. ಕಡಿಮೆಯಾಗಬಹುದು. ಹೆಚ್ಚಿನ ಪಾಳಿ ದುಡಿದು ಹಣ ಮಾಡುವುದನ್ನು ಬಿಟ್ಟು ಆ ಪಾಳಿಗೆ ಒಬ್ಬ ಹೊಸಬನನ್ನು ಸೇರಿಸಿಕೊಳ್ಳಲು ಕೇಳಿರೆಂದು ನಾಳೆ ಅವರೇ ನಮಗೆ ಹೇಳಬಹುದು. ಅದಕ್ಕೂ ಸಿದ್ಧರಾಗಿಯೇ ಕೈ ಎತ್ತಬೇಕು.

ಠರಾವು ಪಾಸಾದರೆ ವಾಚನಾಲಯದ ಮೇಜಿನ ಮೇಲೆ ಮುಂದಿನ ಭಾನುವಾರದಿಂದ ಎರಡು ಪುಸ್ತಕಗಳಿರುತ್ತವೆ. ಒಂದರಲ್ಲಿ ಕೆಲಸ ಹುಡುಕುವವರ ಹೆಸರು, ಇನ್ನೊಂದರಲ್ಲಿ ತಮ್ಮ ತಮ್ಮ ಹೋಟೆಲು, ಕಾರಖಾನೆಗಳಲ್ಲಿ ಖಾಲಿಯಾದ ಜಾಗಗಳ ವಿವರ. ಎರಡನೆಯದನ್ನು ತುಂಬಬೇಕಾದವರು ತಾವು. ಠರಾವನ್ನು ಈಗ ಕಾರ್ಯದರ್ಶಿಗಳು ಓದುತ್ತಾರೆ.