ಹಲ್ಲುನೋವಿನ ಕಾಂಗ್, ಪಿಂಕ್ ಗಾಡ್ಜಿಲ್ಲಾ: ‘ದ ನ್ಯೂ ಎಂಪೈರ್’ ನೋಡಬಹುದಾ?

(ಈ ವಾರದ ಸಿನಿಮಾ ಪಾಡ್‌ಕಾಸ್ಟ್‌ನ ಬರಹ ರೂಪ)

ಶುಕ್ರವಾರ ಸಂಜೆ ಆಯ್ತು ಅಂದ್ರೆ ಫ್ರೆಂಡ್ಸ್ ಗ್ರೂಪಲ್ಲಿ ಮೊದಲ ಪ್ರಶ್ನೆ, “ಇವತ್ತು ಯಾವ ಸಿನಿಮಾ?” ಯಾರಾದ್ರೂ ಒಂದು ಹೆಸರು ಹೇಳಿದ ತಕ್ಷಣ ಎರಡನೇ ಪ್ರಶ್ನೆ, “ಚೆನ್ನಾಗಿದ್ಯಾ, ಟೈಮ್ ವೇಸ್ಟಾ?” ಇವತ್ತು ಆ ಎರಡನೇ ಪ್ರಶ್ನೆಗೆ ಉತ್ತರ ಹುಡುಕೋಣ.

ಸಿನಿಮಾ ಹೆಸರು ‘ಗಾಡ್ಜಿಲ್ಲಾ ಎಕ್ಸ್ ಕಾಂಗ್: ದ ನ್ಯೂ ಎಂಪೈರ್’. ಬಂದದ್ದು 2024ರ ಮಾರ್ಚ್ ಕೊನೆಯಲ್ಲಿ. ಈಗ್ಯಾಕೆ ಅದರ ಮಾತು ಅಂದ್ರೆ, ಇದರ ಮುಂದಿನ ಭಾಗ ‘ಸೂಪರ್‌ನೋವಾ’ 2027ರ ಮಾರ್ಚ್‌ಗೆ ಬರುತ್ತೆ ಅಂತ ಘೋಷಣೆ ಆಗಿದೆ. ಹೊಸದು ಬರೋ ಮೊದಲು ಹಳೆಯದನ್ನ ನೋಡಿ ಮುಗಿಸಬೇಕಾ, ಬಿಟ್ಟರೂ ನಡೆಯುತ್ತಾ? ಇದು ಹಲವರ ಅನುಮಾನ.

ನನ್ನ ಉತ್ತರ ಮೊದಲೇ ಹೇಳಿಬಿಡ್ತೀನಿ. ನೋಡಬಹುದು. ಆದರೆ ಈ ಸಿನಿಮಾದೊಳಗೆ ಎರಡು ಸಿನಿಮಾ ಇವೆ. ಒಂದು ಮಾತೇ ಇಲ್ಲದ ಸಿನಿಮಾ, ಇನ್ನೊಂದು ಮಾತು ಜಾಸ್ತಿಯಾದ ಸಿನಿಮಾ. ಮೊದಲನೆಯದು ನಿಜಕ್ಕೂ ಚೆನ್ನಾಗಿದೆ. ಎರಡನೆಯದರ ಹೊತ್ತಿಗೆ ನೀವು ಎದ್ದು ಹೋಗಿ ಕಾಫಿ ಮಾಡ್ಕೊಂಡು ಬಂದರೂ ಏನೂ ತಪ್ಪಿಹೋಗಲ್ಲ. ಕ್ಲೈಮ್ಯಾಕ್ಸ್ ಏನಾಗುತ್ತೆ ಅಂತ ನಾನು ಹೇಳಲ್ಲ, ಧೈರ್ಯವಾಗಿ ಕೇಳಿ.

ಕತೆ ಎಲ್ಲಿಗೆ ನಿಂತಿತ್ತು ಅಂತ ಚಿಕ್ಕದಾಗಿ ನೆನಪಿಸ್ತೀನಿ. 2014ರ ‘ಗಾಡ್ಜಿಲ್ಲಾ’ದಿಂದ ಶುರುವಾದ ಸರಣಿಯಲ್ಲಿ ಇದು ಐದನೇ ಸಿನಿಮಾ. ಇದರ ಹಿಂದಿನದು 2021ರ ‘ಗಾಡ್ಜಿಲ್ಲಾ ವರ್ಸಸ್ ಕಾಂಗ್’. ಎರಡಕ್ಕೂ ನಿರ್ದೇಶಕ ಆಡಮ್ ವಿಂಗಾರ್ಡ್. ಹಿಂದಿನದರಲ್ಲಿ ಇಬ್ಬರೂ ಹೊಡೆದಾಡಿ, ಕೊನೆಗೆ ಒಂದು ಯಂತ್ರದ ಗಾಡ್ಜಿಲ್ಲಾವನ್ನು ಸೇರಿ ಮಣಿಸಿದ್ದರು. ಆಮೇಲೆ ಆಸ್ತಿ ಪಾಲಾದ ಹಾಗೆ ಆಯ್ತು. ಭೂಮಿಯ ಮೇಲೆ ಗಾಡ್ಜಿಲ್ಲಾ, ಭೂಮಿಯ ಒಳಗಿನ ‘ಹಾಲೋ ಅರ್ಥ್’ನಲ್ಲಿ ಕಾಂಗ್. ಇಷ್ಟು ಗೊತ್ತಿದ್ರೆ ಸಾಕು. ಹಳೆಯ ನಾಲ್ಕನ್ನೂ ಕೂತು ನೋಡೋ ಅಗತ್ಯ ಇಲ್ಲ.

ಇನ್ನು ನನ್ನ ಅನುಭವಕ್ಕೆ ಬರ್ತೀನಿ. ಭಾರತದಲ್ಲಿ ಈ ಸಿನಿಮಾ ಇಂಗ್ಲಿಷ್ ಜೊತೆಗೆ ಹಿಂದಿ, ತಮಿಳು, ತೆಲುಗಿನಲ್ಲಿ ಥಿಯೇಟರಿಗೆ ಬಂತು. ಕನ್ನಡದಲ್ಲಿ ಬರಲಿಲ್ಲ. ನಾನು ಆಗ ಥಿಯೇಟರಲ್ಲಿ ಒಬ್ಬನೇ ನೋಡಿ, “ಪರವಾಗಿಲ್ಲ” ಅಂತ ಮರೆತುಬಿಟ್ಟಿದ್ದೆ. ಎಷ್ಟೋ ತಿಂಗಳಾದ ಮೇಲೆ ಊರಲ್ಲಿ, ಮನೆ ಟಿವಿಗೆ ಮೊಬೈಲ್ ಕನೆಕ್ಟ್ ಮಾಡಿ ಇನ್ನೊಮ್ಮೆ ಹಾಕಿದೆ. ಪಕ್ಕದಲ್ಲಿ ಅಜ್ಜಿ ಹುರಳಿಕಾಯಿ ನಾರು ತೆಗೀತಾ ಕೂತಿದ್ರು. ಅಜ್ಜಿಗೆ ಕನ್ನಡ ಬಿಟ್ಟರೆ ಬೇರೆ ಭಾಷೆ ಬರಲ್ಲ. ನಾನು ಇಂಗ್ಲಿಷ್ ಸಿನಿಮಾ ಹಾಕಿದ್ರೆ, “ನೀನು ನೋಡ್ಕೊಳಪ್ಪ” ಅಂತ ಎದ್ದು ಒಳಗೆ ಹೋಗೋದು ಅವರ ಅಭ್ಯಾಸ.

ಅವತ್ತು ಎದ್ದು ಹೋಗಲಿಲ್ಲ.

ಯಾಕೆ ಅಂದ್ರೆ, ಶುರುವಿನಲ್ಲೇ ಕಾಂಗ್‌ನನ್ನು ಒಂದಷ್ಟು ಪ್ರಾಣಿಗಳು ಅಟ್ಟಿಸ್ಕೊಂಡು ಬರ್ತವೆ. ಅವನು ಓಡ್ತಾ ಓಡ್ತಾ, ಅವುಗಳನ್ನ ತಾನೇ ತೋಡಿಟ್ಟ ಗುಂಡಿಗೆ ಕೆಡವ್ತಾನೆ. ಆಮೇಲೆ ಜಲಪಾತದ ಕೆಳಗೆ ನಿಂತು ಮೈ ತೊಳ್ಕೊಳ್ತಾನೆ. ಊಟಕ್ಕೆ ಕೂತರೆ ಅಗಿಯೋಕೆ ಆಗಲ್ಲ, ಹಲ್ಲು ನೋವು! ಅಷ್ಟು ದೊಡ್ಡ ದೇಹ, ದವಡೆ ಹಿಡ್ಕೊಂಡು ಒಬ್ಬನೇ ಕೂತಿದ್ದಾನೆ. ಒಂದೇ ಒಂದು ಡೈಲಾಗ್ ಇಲ್ಲ. ಅಜ್ಜಿ ಕೈಯಲ್ಲಿದ್ದ ಹುರಳಿಕಾಯಿ ಹಾಗೇ ನಿಂತುಹೋಯ್ತು. “ಪಾಪ, ಹಲ್ಲುನೋವು ಕಣೋ ಅದಕ್ಕೆ. ನೋಡ್ಕೊಳೋಕೆ ಯಾರೂ ಇಲ್ವಾ?” ಅಂದ್ರು.

ನೋಡಿ, ಇಡೀ ಕತೆ ಇರೋದು ಆ ಪ್ರಶ್ನೆಯಲ್ಲೇ. ಕಾಂಗ್‌ಗೆ ಯಾರೂ ಇಲ್ಲ. ತನ್ನ ಜಾತಿಯಲ್ಲಿ ಉಳಿದವನು ತಾನೊಬ್ಬನೇ ಅಂದ್ಕೊಂಡಿದ್ದಾನೆ. ಹಲ್ಲು ಕೀಳಿಸ್ಕೊಳ್ಳೋಕೆ ಮೇಲೆ ಮನುಷ್ಯರ ಹತ್ತಿರ ಬರ್ತಾನೆ. ಡ್ಯಾನ್ ಸ್ಟೀವನ್ಸ್ ಮಾಡಿರೋ ಪಶುವೈದ್ಯ ಟ್ರ್ಯಾಪರ್ ಗಾಳಿಯಲ್ಲಿ ನೇತಾಡ್ಕೊಂಡು ಆ ಹಲ್ಲು ಕಿತ್ತು, ಹೊಸ ಹಲ್ಲು ಕೂರಿಸ್ತಾನೆ. ಆಮೇಲೆ ಕಾಂಗ್ ಹಾಲೋ ಅರ್ಥ್‌ನ ಇನ್ನೂ ಆಳಕ್ಕೆ ಇಳಿದಾಗ ಗೊತ್ತಾಗುತ್ತೆ, ತನ್ನಂಥವರು ಬೇರೆಯವರೂ ಇದ್ದಾರೆ. ಆದರೆ ಅವರು ಸ್ಕಾರ್ ಕಿಂಗ್ ಅನ್ನೋ ಕ್ರೂರ ರಾಜನ ಕೈಕೆಳಗೆ ಗುಲಾಮರಾಗಿದ್ದಾರೆ. ಒಂಟಿಯಾಗಿದ್ದವನಿಗೆ ಬಳಗ ಸಿಕ್ಕಿತು, ಆದರೆ ಬಳಗವೇ ಸಂಕಟದಲ್ಲಿದೆ. ಎಷ್ಟು ಸರಳ, ಎಷ್ಟು ಗಟ್ಟಿ ಕತೆ ಅಲ್ವಾ?

ಅಲ್ಲಿ ಸುಕೋ ಅನ್ನೋ ಮರಿ ಸಿಗುತ್ತೆ. ಮೊದಲು ಅದು ಕಾಂಗ್ ಮೇಲೆ ಬೀಳುತ್ತೆ. ಇವನು ಆ ಮರಿಯನ್ನೇ ದೊಣ್ಣೆ ಥರ ಬೀಸಿ ಬೇರೆಯವರಿಗೆ ಬಾರಿಸ್ತಾನೆ. ಅಜ್ಜಿ ಸೆರಗು ಬಾಯಿಗೆ ಅಡ್ಡ ಹಿಡ್ಕೊಂಡು ನಕ್ಕರು. ಆಮೇಲೆ ಅದೇ ಮರಿಗೆ ಕಾಂಗ್ ತನ್ನ ಊಟದಲ್ಲಿ ಪಾಲು ಕೊಡ್ತಾನೆ. ಹೊಡೆತ ತಿಂದೇ ಬೆಳೆದ ಮರಿ, ಕೈ ಮುಂದೆ ಬಂದ್ರೆ ಹೊಡೀತಾರೆ ಅಂತ ಹಿಂದೆ ಸರಿಯುತ್ತೆ. ಆಮೇಲೆ ಮೆಲ್ಲಗೆ ಬಂದು ತಿನ್ನುತ್ತೆ. ಇದೂ ಮಾತಿಲ್ಲದ ದೃಶ್ಯವೇ. ಕಂಪ್ಯೂಟರಲ್ಲಿ ಮಾಡಿದ ಮುಖ ನೋಡಿ ಅಜ್ಜಿಗೆ ಎಲ್ಲ ಅರ್ಥ ಆಯ್ತು. ಡಬ್ಬಿಂಗ್ ಬೇಕಾಗಲಿಲ್ಲ.

ಮನುಷ್ಯರ ಕಡೆಯಲ್ಲೂ ನನಗೆ ಹಿಡಿಸಿದ್ದು ಜಿಯಾ ಅನ್ನೋ ಹುಡುಗಿ. ಈ ಪಾತ್ರಕ್ಕೆ ಕಿವಿ ಕೇಳಿಸಲ್ಲ, ಮಾಡಿರೋ ಕೇಲೀ ಹಾಟಲ್‌ಗೂ ಕೇಳಿಸಲ್ಲ. ಇಬ್ಬರ ಮಾತೂ ಸಂಜ್ಞೆ ಭಾಷೆಯಲ್ಲಿ. ಜಿಯಾ ಕೂಡ ಕಾಂಗ್ ಥರ ತನ್ನ ಜನರಲ್ಲಿ ಉಳಿದ ಕೊನೆಯವಳು ಅಂದ್ಕೊಂಡಿದ್ದಾಳೆ. ಅವಳ ಸಾಕುತಾಯಿ ಡಾಕ್ಟರ್ ಆಂಡ್ರ್ಯೂಸ್‌ಗೆ ಒಳಗೊಳಗೇ ಒಂದು ಭಯ. ಇವಳ ಸ್ವಂತ ಜನ ಸಿಕ್ಕಿಬಿಟ್ಟರೆ ನನ್ನನ್ನು ಬಿಟ್ಟು ಹೋಗ್ತಾಳಾ ಅಂತ. ಒಳ್ಳೆಯ ಎಳೆ. ಆದರೆ ಸಿನಿಮಾ ಅದಕ್ಕೆ ಸಮಯ ಕೊಡಲ್ಲ.

ಸಮಯ ಎಲ್ಲಿಗೆ ಹೋಗುತ್ತೆ? ವಿವರಣೆಗೆ! ಗೋಡೆ ಮೇಲೆ ಕೆತ್ತನೆ ಕಂಡರೆ ಸಾಕು, ಒಬ್ಬರು ನಿಂತು ಅದನ್ನ ಓದಿ ಪೂರ್ತಿ ಇತಿಹಾಸ ಹೇಳ್ತಾರೆ. ಇನ್ನೊಬ್ಬರು ಜೋಕ್ ಹೊಡೀತಾರೆ. ಕಾಂಗ್ ಕೈಗೆ ಏಟಾದರೆ, ಸರಿಯಾಗಿ ಅವನ ಅಳತೆಗೇ ಮಾಡಿಟ್ಟ ಲೋಹದ ಕೈಗವಸು ಅಲ್ಲೇ ಹತ್ತಿರದಲ್ಲಿ ರೆಡಿ ಇರುತ್ತೆ. ಇಂಥ ಜಾಗಗಳಲ್ಲೆಲ್ಲ ಅಜ್ಜಿ ಮತ್ತೆ ಹುರಳಿಕಾಯಿಗೆ ವಾಪಸ್ ಹೋಗ್ತಿದ್ರು. ಯಾವ ದೃಶ್ಯ ಕೆಲಸ ಮಾಡ್ತಿದೆ, ಯಾವುದು ಮಾಡ್ತಿಲ್ಲ ಅಂತ ಆ ಬುಟ್ಟಿ ನೋಡಿದ್ರೇ ಗೊತ್ತಾಗ್ತಿತ್ತು.

ಇನ್ನೊಂದು ತಕರಾರು ಅಳತೆಯದ್ದು. ಈ ಸರಣಿಯ ಲೆಕ್ಕದಲ್ಲಿ ಕಾಂಗ್ 300 ಅಡಿಗಿಂತ ಎತ್ತರ, ಗಾಡ್ಜಿಲ್ಲಾ ಅವನಿಗಿಂತಲೂ ಎತ್ತರ. ನಮ್ಮ ಮುರುಡೇಶ್ವರದ ಶಿವನ ವಿಗ್ರಹ 123 ಅಡಿ. ಅದರ ಪಾದದ ಹತ್ತಿರ ನಿಂತು ತಲೆ ಎತ್ತಿದ್ರೆ ಕತ್ತು ನೋಯುತ್ತೆ, ಅಲ್ವಾ? ಅದು ದೊಡ್ಡದು ಅಂತ ಅನ್ಸೋದು ಕೆಳಗೆ ನೀವು ನಿಂತಿದ್ದೀರಿ ಅನ್ನೋ ಕಾರಣಕ್ಕೆ. 2014ರ ‘ಗಾಡ್ಜಿಲ್ಲಾ’ದಲ್ಲಿ ನಿರ್ದೇಶಕ ಗರೆತ್ ಎಡ್ವರ್ಡ್ಸ್ ಕ್ಯಾಮೆರಾವನ್ನ ಹೆಚ್ಚಾಗಿ ಜನರ ಕಣ್ಣಿನ ಎತ್ತರದಲ್ಲಿ ಇಟ್ಟಿದ್ದರು. ಹೊಗೆಯಲ್ಲಿ ಒಂದು ಕಾಲು ಕಂಡ್ರೂ ಎದೆ ಝಲ್ ಅಂತಿತ್ತು. ಇಲ್ಲಿ ಕ್ಯಾಮೆರಾ ಕಾಂಗ್‌ನ ಭುಜದ ಎತ್ತರದಲ್ಲಿದೆ. ಹಾಲೋ ಅರ್ಥ್‌ನಲ್ಲಿ ಮರ, ಬಂಡೆ, ಪ್ರಾಣಿ ಎಲ್ಲವೂ ದೊಡ್ಡದು. ಎಲ್ಲವೂ ದೊಡ್ಡದಾದಾಗ ಯಾವುದೂ ದೊಡ್ಡದಾಗಿ ಕಾಣಲ್ಲ. ಎಷ್ಟೋ ಕಡೆ ಇಬ್ಬರು ಸಾಮಾನ್ಯ ಗಾತ್ರದ ಪೈಲ್ವಾನರು ಕುಸ್ತಿ ಆಡ್ತಿರೋ ಹಾಗೆ ಇದೆ.

ಅದರ ಜೊತೆಗೇ ಇನ್ನೊಂದು ನಷ್ಟ, ಭಯ. ಈಜಿಪ್ಟಿನ ಪಿರಮಿಡ್‌ಗಳ ಹತ್ತಿರ ಇಬ್ಬರೂ ಹೊಡೆದಾಡ್ತಾರೆ. ಕಾಲಡಿ ಇದ್ದ ಜನ ಏನಾದ್ರು ಅಂತ ಸಿನಿಮಾ ತಿರುಗಿ ನೋಡಲ್ಲ. ಗಾಡ್ಜಿಲ್ಲಾ ರೋಮ್‌ನ ಕೊಲೋಸಿಯಂ ಒಳಗೆ ಬೆಕ್ಕಿನ ಥರ ಮುದುರಿ ಮಲಗ್ತಾನೆ. ಮುದ್ದಾಗಿದೆ, ನಿಜ. ಆದರೆ ಗಾಡ್ಜಿಲ್ಲಾ ಹುಟ್ಟಿದ್ದು ಮುದ್ದಾಗೋಕೆ ಅಲ್ಲ.

ಆ ಹುಟ್ಟಿನ ಕತೆ ಗೊತ್ತಿರಲಿ. 1954ರ ಮಾರ್ಚ್ 1ರಂದು ಅಮೆರಿಕ ಪೆಸಿಫಿಕ್‌ನ ಬಿಕಿನಿ ದ್ವೀಪಗಳಲ್ಲಿ ಹೈಡ್ರೋಜನ್ ಬಾಂಬ್ ಪರೀಕ್ಷೆ ಮಾಡಿತು. ಆ ವಿಕಿರಣದ ಬೂದಿ, ಮೀನು ಹಿಡಿಯೋಕೆ ಹೋಗಿದ್ದ ಒಂದು ಜಪಾನಿ ದೋಣಿಯ ಮೇಲೆ ಸುರಿಯಿತು. ಅದರಲ್ಲಿದ್ದ 23 ಜನರೂ ಕಾಯಿಲೆ ಬಿದ್ದರು, ಅದೇ ವರ್ಷ ಒಬ್ಬರು ತೀರಿಕೊಂಡರು. ಹಿರೋಷಿಮಾ, ನಾಗಸಾಕಿ ಆಗಿ ಇನ್ನೂ ಹತ್ತು ವರ್ಷವೂ ಕಳೆದಿರಲಿಲ್ಲ. ಅದೇ ನವೆಂಬರ್‌ನಲ್ಲಿ ಇಷಿರೋ ಹೋಂಡಾ ಅವರ ಮೊದಲ ‘ಗಾಡ್ಜಿಲ್ಲಾ’ ಬಂತು. ಬಾಂಬ್ ಪರೀಕ್ಷೆಯಿಂದ ಎದ್ದು ಬಂದ ಪ್ರಾಣಿ ಅದು. ಅದು ನಡೆದು ಹೋದ ಮೇಲೆ ಆಸ್ಪತ್ರೆ ತುಂಬ ಗಾಯಾಳುಗಳು, ಮಗುವಿನ ಮೈಯಲ್ಲಿ ವಿಕಿರಣ ಇದೆಯಾ ಅಂತ ಪರೀಕ್ಷೆ ಮಾಡೋ ದೃಶ್ಯ, ಇವೆಲ್ಲ ಆ ಸಿನಿಮಾದಲ್ಲಿವೆ. ರಬ್ಬರ್ ವೇಷದ ಒಳಗೆ ಒಬ್ಬ ಮನುಷ್ಯ ಇದ್ದಾನೆ ಅಂತ ಗೊತ್ತಿದ್ದೂ ಹೆದರಿಕೆ ಆಗುತ್ತೆ.

“ಅದು ಹಳೇ ಕಾಲದ್ದು ಗುರು” ಅಂತೀರಾ? ಸರಿ, 2023ರ ಜಪಾನಿ ಸಿನಿಮಾ ‘ಗಾಡ್ಜಿಲ್ಲಾ ಮೈನಸ್ ಒನ್’ ತಗೊಳ್ಳಿ. ನಿರ್ದೇಶಕ ತಕಾಷಿ ಯಮಜಾಕಿ. ಯುದ್ಧದಲ್ಲಿ ಸಾಯೋಕೆ ಅಂತ ಕಳಿಸಿದ್ದ ಪೈಲಟ್ ಒಬ್ಬ ಸಾಯದೆ ವಾಪಸ್ ಬಂದಿದ್ದಾನೆ. ಬದುಕಿದ್ದಕ್ಕೇ ಅವನಿಗೆ ನಾಚಿಕೆ. ಅಂಥವನ ಎದುರು ಗಾಡ್ಜಿಲ್ಲಾ ನಿಲ್ಲುತ್ತೆ. ಇದರ ಖರ್ಚು ಒಂದೂವರೆ ಕೋಟಿ ಡಾಲರಿಗೂ ಕಡಿಮೆ. ಗ್ರಾಫಿಕ್ಸ್ ಮಾಡಿದ್ದು ಸುಮಾರು 35 ಜನರ ತಂಡ, ಒಟ್ಟು 610 ಶಾಟ್. 2024ರಲ್ಲಿ ವಿಷುಯಲ್ ಎಫೆಕ್ಟ್ಸ್ ಆಸ್ಕರ್ ಕೂಡ ಗೆದ್ದಿತು. ‘ನ್ಯೂ ಎಂಪೈರ್’ಗೆ ಆದ ಖರ್ಚು 13 ಕೋಟಿ ಡಾಲರಿಗೂ ಮೇಲೆ. ಗಳಿಕೆಯೂ ಜಾಸ್ತಿ ಬಿಡಿ, ಜಗತ್ತಿನಾದ್ಯಂತ 57 ಕೋಟಿ ಡಾಲರ್ ಆಸುಪಾಸು.

ಹಾಗಂತ ಒಂದು ಒಳ್ಳೇದು, ಇನ್ನೊಂದು ಕಸ ಅಂತ ನಾನು ಹೇಳ್ತಿಲ್ಲ. ಎರಡರ ಕೆಲಸವೇ ಬೇರೆ. ‘ಮೈನಸ್ ಒನ್’ ನೋಡಿದ ರಾತ್ರಿ ನಿದ್ದೆ ತಡವಾಗಿ ಬರುತ್ತೆ. ‘ನ್ಯೂ ಎಂಪೈರ್’ ನೋಡುವಾಗ ಮನೆಯವರೆಲ್ಲ ಒಂದೇ ಸೋಫಾದಲ್ಲಿ ಕೂರಬಹುದು.

ಹಾಗಾದ್ರೆ ಯಾರು ನೋಡಬೇಕು? ನಿಮಗೆ ಭಯ ಬೇಕು, ಅರ್ಥ ಬೇಕು ಅಂದ್ರೆ ಮೊದಲು ‘ಮೈನಸ್ ಒನ್’ ನೋಡಿ. ಫೈಟ್ ಮಾತ್ರ ಸಾಕು ಅನ್ನೋರಿಗೆ ಕೊನೆಯ ಅರ್ಧ ಗಂಟೆಯಲ್ಲಿ ಕಾಸಿಗೆ ಮೋಸ ಇಲ್ಲ. ಮನೆಯಲ್ಲಿ ಚಿಕ್ಕ ತಮ್ಮನೋ ತಂಗಿಯೋ ಇದ್ದು, ಇಂಗ್ಲಿಷ್ ಬರಲ್ಲ ಅಂತ ಹಿಂಜರೀತಿದ್ರೆ ಧೈರ್ಯವಾಗಿ ಕೂರಿಸ್ಕೊಳ್ಳಿ. ಕಾಂಗ್ ಭಾಗ ಪೂರ್ತಿ ಅರ್ಥ ಆಗುತ್ತೆ. ಮೊಬೈಲಲ್ಲಿ ಮಾತ್ರ ಬೇಡ. ಮೊದಲೇ ಅಳತೆ ಕುಗ್ಗಿದೆ, ಆರು ಇಂಚಿನ ಪರದೆಯಲ್ಲಿ ಕಾಂಗ್ ಪೂರ್ತಿ ಗೊಂಬೆ ಆಗ್ಬಿಡ್ತಾನೆ.

ಕೊನೆಗೆ ಒಂದು ಮಾತು. ಸಿನಿಮಾ ಮುಗಿದ ಮೇಲೆ ಅಜ್ಜಿ ಪಿಂಕ್ ಆದ ಗಾಡ್ಜಿಲ್ಲಾ ಬಗ್ಗೆ ಏನೂ ಕೇಳಲಿಲ್ಲ, ಪಿರಮಿಡ್ ಬಗ್ಗೆಯೂ ಕೇಳಲಿಲ್ಲ. ಕೇಳಿದ್ದು ಒಂದೇ, “ಆ ಮರಿ ಇನ್ಮೇಲೆ ಅವನ ಜೊತೆಗೇ ಇರುತ್ತೇನೋ?” ನಾನು ಹೇಳಿದೆ, “ಗೊತ್ತಿಲ್ಲ ಅಜ್ಜಿ, ಇನ್ನೊಂದು ಭಾಗ ಬರುತ್ತಂತೆ.” “ಬಂದ್ರೆ ಹೇಳು, ನೋಡೋಣ” ಅಂದ್ರು. ಇಂಗ್ಲಿಷ್ ಸಿನಿಮಾ ಅಂದ್ರೆ ಎದ್ದು ಹೋಗ್ತಿದ್ದವರು ಅವರು. ಅದಕ್ಕೇ 2027ರಲ್ಲಿ ನಾನು ಒಂದಲ್ಲ, ಎರಡು ಟಿಕೆಟ್ ಬುಕ್ ಮಾಡ್ತೀನಿ. ಅಷ್ಟರಲ್ಲಿ ಕನ್ನಡದಲ್ಲೂ ಬಂದ್ರೆ ಇನ್ನೂ ಖುಷಿ.

ಇವತ್ತಿಗೆ ಇಷ್ಟು. ಮುಂದಿನ ಶುಕ್ರವಾರ ಇನ್ನೊಂದು ಸಿನಿಮಾ ಹಿಡ್ಕೊಂಡು ಬರ್ತೀನಿ. ಅಲ್ಲಿವರೆಗೂ ಚೆನ್ನಾಗಿರಿ, ಹಲ್ಲು ನೋವಿದ್ರೆ ಡಾಕ್ಟರ್ ಹತ್ರ ಹೋಗಿ. ನಮಸ್ಕಾರ.