ಮಾತ್ರೆಯ ಅಳತೆ



ಬೆಂಗಳೂರಿನ ಪೂರ್ವಕ್ಕಿರುವ ಪಟ್ಟಂದೂರು ಅಗ್ರಹಾರವನ್ನು ನಿಮ್ಮಲ್ಲಿ ಅನೇಕರು ಬಲ್ಲಿರಿ. ವಿದ್ವಾಂಸರಿಗೆ ದತ್ತಿಯಾಗಿ ಬಿಟ್ಟ ಊರಿಗೆ ಅಗ್ರಹಾರವೆಂದು ಹೆಸರು. ಈಗ ಅಲ್ಲಿ ತಂತ್ರಜ್ಞಾನದ ಮಹಾಸೌಧಗಳೆದ್ದಿವೆ. 2023ರ ಮಾರ್ಚಿ ತಿಂಗಳಿನಿಂದ ಮೆಟ್ರೋ ರೈಲೂ ನಿಲ್ಲುತ್ತಿದೆ. ಅಲ್ಲಿ ನೆಲಸಿರುವವರು ಬಹುಮಟ್ಟಿಗೆ ಓದು ಬಲ್ಲವರೇ. ಆದರೂ ಮಳೆಗಾಲದಲ್ಲಿ ಜ್ವರ ಬಂದಿತೆಂದರೆ ಅವರೂ ನಾವೂ ಮಾಡುವುದೊಂದೇ: ಅಂಗಡಿಯಿಂದ ಮಾತ್ರೆ ತರಿಸುವುದು, ಪಟ್ಟಿಯ ಮೇಲಿನ ಬರಹವನ್ನು ಓದದೆಯೇ ನುಂಗುವುದು. ಮಾತ್ರೆಯೆಂಬ ಮಾತಿಗೆ ಅಳತೆಯೆಂದೇ ಮೂಲಾರ್ಥ. ಆ ಅಳತೆಯ ವಿಚಾರವಾಗಿ ಈ ದಿನ ನಾಲ್ಕು ಮಾತುಗಳನ್ನು ಹೇಳಬೇಕೆಂದಿದ್ದೇವೆ.

ಮಾತ್ರೆಯೊಳಗೆ ಹೇಳಿದಷ್ಟು ಔಷಧವಿದೆಯೆಂಬುದನ್ನು ರಸಾಯನಶಾಸ್ತ್ರಜ್ಞನು ಹೇಗೆ ತಿಳಿಯುತ್ತಾನೆ? ಆರತಿಯ ತಟ್ಟೆಯ ಓಕುಳಿಯನ್ನು ನೆನೆಯಿರಿ. ಅರಿಸಿನದ ನೀರಿಗೆ ಸುಣ್ಣ ಬಿದ್ದರೆ ಕೆಂಪಾಗುತ್ತದೆ. ಅದಕ್ಕೆ ನಿಂಬೆಯ ರಸವನ್ನು ಹಿಂಡಿದರೆ ಮತ್ತೆ ಹಳದಿಯಾಗುತ್ತದೆ. ಸುಣ್ಣವು ಕ್ಷಾರ, ನಿಂಬೆಯ ಹುಳಿಯು ಆಮ್ಲ; ಒಂದು ಇನ್ನೊಂದನ್ನು ಅಳಿಸುತ್ತದೆ. ಅರಿಸಿನವು ಯಾವುದು ಮೇಲಾಯಿತೆಂಬುದನ್ನು ಬಣ್ಣದಿಂದ ತಿಳಿಸುವ ಸೂಚಕ. ಅಳತೆಮಾಡಿ ಹನಿಹನಿಯಾಗಿ ಬಿಡುತ್ತ, ಬಣ್ಣವು ತಿರುಗಿದ ಕ್ಷಣವನ್ನು ಗುರುತಿಸುವುದೇ ಅನುಮಾಪನ, ಅಥವಾ ಟೈಟ್ರೇಷನ್.

ಆಸ್ಪಿರಿನ್ ಮಾತ್ರೆಯ ಪರೀಕ್ಷೆ ಹೀಗೆಯೇ ನಡೆಯುತ್ತದೆ. ಇಪ್ಪತ್ತು ಮಾತ್ರೆಗಳನ್ನು ಅರೆದು, 500 ಮಿಲಿಗ್ರಾಂ ಆಸ್ಪಿರಿನ್ ಇರತಕ್ಕಷ್ಟು ಪುಡಿಯನ್ನು ತೂಗಿ, ಅರ್ಧ ಮೋಲಾರ್ ಬಲದ ದಾಹಕ ಸೋಡಾದ್ರವದ 30 ಮಿಲಿಲೀಟರಿನಲ್ಲಿ ಹತ್ತು ನಿಮಿಷ ಮೆಲ್ಲಗೆ ಕುದಿಸುತ್ತಾರೆ. ಉಳಿದ ಕ್ಷಾರವನ್ನು ಅದೇ ಬಲದ ಆಮ್ಲದಿಂದ ಅಳೆಯುತ್ತಾರೆ. ಇಲ್ಲಿ ಫೀನಾಲ್ ರೆಡ್ ಎಂಬ ಸೂಚಕವು ಅರಿಸಿನದ ಕೆಲಸವನ್ನು ಮಾಡಿ, ಕೆಂಪಿನಿಂದ ಹಳದಿಗೆ ತಿರುಗುತ್ತದೆ. ವ್ಯಯವಾದ ಕ್ಷಾರದ ಒಂದೊಂದು ಮಿಲಿಲೀಟರಿಗೂ 45.04 ಮಿಲಿಗ್ರಾಂ ಆಸ್ಪಿರಿನ್ ಎಂದು ಲೆಕ್ಕ. ಹಾಗಾಗಿ 500 ಮಿಲಿಗ್ರಾಮಿಗೆ ಸುಮಾರು 11.1 ಮಿಲಿಲೀಟರ್ ವ್ಯಯವಾಗಬೇಕು. ಚೀಟಿಯಲ್ಲಿ ಹೇಳಿದುದರ ನೂರಕ್ಕೆ 95ರಿಂದ 105ರೊಳಗೆ ಇದ್ದರೆ ಅಳತೆ ಸರಿ.

ಈ ಪರೀಕ್ಷೆಗೂ ಮಿತಿಯುಂಟು. ತೇವ ತಗುಲಿದ ಆಸ್ಪಿರಿನ್ ಒಡೆದು ಸ್ಯಾಲಿಸಿಲಿಕ್ ಆಮ್ಲವೂ ಅಸಿಟಿಕ್ ಆಮ್ಲವೂ ಆಗುತ್ತದೆ. ಹಳೆಯ ಸೀಸೆಯ ಮುಚ್ಚಳವನ್ನು ತೆಗೆದಾಗ ಬರುವ ವಿನಿಗರ್ ವಾಸನೆ ಅದರದೇ. ಆ ಎರಡು ಆಮ್ಲಗಳೂ ಕ್ಷಾರವನ್ನು ಕಬಳಿಸುವುದರಿಂದ, ಕೆಟ್ಟ ಮಾತ್ರೆಯೂ ಈ ಲೆಕ್ಕದಲ್ಲಿ ಉತ್ತೀರ್ಣವಾಗಬಹುದು. ಅದಕ್ಕೆ ಬೇರೆ ಪರೀಕ್ಷೆ ಬೇಕು. ಪ್ಯಾರಾಸಿಟಮಾಲ್ ತೀರ ದುರ್ಬಲವಾದ ಆಮ್ಲವಾದ ಕಾರಣ ಅದನ್ನು ನೀರಿನಲ್ಲಿ ಈ ರೀತಿ ಅಳೆಯಲಾಗದು. ಅದು ಹೀರುವ ನೇರಳಾತೀತ ಬೆಳಕಿನಿಂದ ಅದರ ಮೊತ್ತವನ್ನು ತಿಳಿಯುತ್ತಾರೆ.

ಇಷ್ಟಾದ ಮೇಲೆ ಮುಖ್ಯವಾದ ಮಾತು. ಪಾತ್ರೆಯಲ್ಲಿ ಒಂದು ಹನಿ ಹೆಚ್ಚಾದರೆ ಬಣ್ಣವು ಒಡನೆಯೇ ಎಚ್ಚರಿಸುತ್ತದೆ. ನಮ್ಮ ದೇಹದಲ್ಲಿ ಅಂತಹ ಸೂಚಕವಿಲ್ಲ. ಪ್ಯಾರಾಸಿಟಮಾಲ್ ಮಿತಿಮೀರಿದರೆ ಮೊದಲ ದಿನ ಕೊಂಚ ಓಕರಿಕೆ ಬಂದೀತು, ಏನೂ ಆಗದೆಯೂ ಇದ್ದೀತು. ಯಕೃತ್ತು ಕೆಟ್ಟಿರುವುದು ಒಂದೆರಡು ದಿನಗಳ ತರುವಾಯ ತಿಳಿದುಬರುತ್ತದೆ. ಇದಕ್ಕೆ ಪ್ರತಿವಿಷವಾದ ಅಸಿಟೈಲ್‌ಸಿಸ್ಟೀನ್ ಎಂಟು ಗಂಟೆಗಳೊಳಗೆ ದೊರೆತರೆ ಅತ್ಯುತ್ತಮ. ಆದುದರಿಂದ ಅಳತೆ ತಪ್ಪಿದೆಯೆಂದು ತಿಳಿದವರು ಲಕ್ಷಣಕ್ಕಾಗಿ ಕಾಯದೆ ಆಸ್ಪತ್ರೆಗೆ ಹೋಗತಕ್ಕದ್ದು.

ಆರೋಗ್ಯವಂತರಾದ ವಯಸ್ಕರಿಗೆ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಇದರ ಗರಿಷ್ಠ ಮಿತಿ 4,000 ಮಿಲಿಗ್ರಾಂ. ಕೃಶರಿಗೂ ಮದ್ಯಪಾನಿಗಳಿಗೂ ಯಕೃತ್ತಿನ ರೋಗವಿರುವವರಿಗೂ ಅದಕ್ಕಿಂತ ಕಡಮೆ. ಬೆಂಗಳೂರಿನ ಕಂಪನಿಯೊಂದರದೇ ಆದ ಡೋಲೋ 650 ನಮ್ಮ ಮನೆಗಳಲ್ಲೆಲ್ಲ ಪರಿಚಿತ. ಆರು ಮಾತ್ರೆಗೆ 3,900 ಮಿಲಿಗ್ರಾಂ ಆಯಿತು. ಮಿತಿ ಅಲ್ಲಿಗೇ ಮುಟ್ಟಿತು. ನೆಗಡಿಯ ಮಾತ್ರೆಗಳಲ್ಲಿಯೂ ಅನೇಕ ವೇಳೆ ಇದೇ ಔಷಧವಿರುತ್ತದೆ. ಹೆಸರು ಎರಡಾದರೂ ಔಷಧ ಒಂದೇ ಆಗಿ, ಲೆಕ್ಕ ತಿಳಿಯದಂತೆ ಇಮ್ಮಡಿಯಾಗುತ್ತದೆ.

ಮಕ್ಕಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಹತ್ತು ಕಿಲೋಗ್ರಾಂ ತೂಕದ ಮಗುವಿಗೆ ಒಂದು ಸಲಕ್ಕೆ 100ರಿಂದ 150 ಮಿಲಿಗ್ರಾಂ ಸಾಕು. ಅಂಗಡಿಯಲ್ಲಿ ಐದು ಮಿಲಿಲೀಟರಿಗೆ 120 ಮಿಲಿಗ್ರಾಮಿನ ಪಾನಕವೂ ಉಂಟು, 250ರದೂ ಉಂಟು; ಒಂದೊಂದು ಮಿಲಿಲೀಟರಿಗೆ 100 ಮಿಲಿಗ್ರಾಂ ಇರುವ ತೊಟ್ಟಿಕ್ಕುವ ಔಷಧವೂ ಉಂಟು. ಈ ಕಡೆಯದನ್ನು ಪಾನಕವೆಂದು ಭ್ರಮಿಸಿ ಐದು ಮಿಲಿಲೀಟರ್ ಕುಡಿಸಿದರೆ, ಮಗುವಿನ ಹೊಟ್ಟೆಗೆ 500 ಮಿಲಿಗ್ರಾಂ ಹೋಯಿತು! ಅಡುಗೆಮನೆಯ ಚಮಚವನ್ನು ನಂಬದೆ, ಸೀಸೆಯೊಡನೆ ಬಂದ ಅಳತೆಯ ಬಟ್ಟಲನ್ನೋ ನಳಿಗೆಯನ್ನೋ ಬಳಸತಕ್ಕದ್ದು.

2024ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಸರ್ಕಾರವು ಡೆಂಗಿ ಜ್ವರವನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತು. ಡೆಂಗಿಯ ಶಂಕೆಯಿದ್ದಲ್ಲಿ ಜ್ವರಕ್ಕೆಂದು ಆಸ್ಪಿರಿನ್ ಸೇವಿಸಲಾಗದು. ಅದು ರಕ್ತಸ್ರಾವವನ್ನು ಹೆಚ್ಚಿಸುತ್ತದೆ. ಹೃದಯಕ್ಕಾಗಿ ಅದನ್ನು ನಿತ್ಯವೂ ಸೇವಿಸುತ್ತಿರುವವರು ಒಡನೆಯೇ ವೈದ್ಯರನ್ನು ಕೇಳಬೇಕು. ಪ್ರಯೋಗಾಲಯದಲ್ಲಿ ನೂರಕ್ಕೆ ನೂರು ಸರಿಯೆನಿಸಿದ ಮಾತ್ರೆಯೂ ಆ ರೋಗಿಗೆ ಅಪಾಯವೇ.

ಕೊಂಡ ಔಷಧದ ವಿಷಯದಲ್ಲಿ ಸಂಶಯ ಹುಟ್ಟಿದರೆ ಸುಮ್ಮನಿರಬೇಕಾಗಿಲ್ಲ. 1940ರ ಔಷಧ ಕಾಯಿದೆಯ 26ನೆಯ ಪ್ರಕರಣದ ಮೇರೆಗೆ, ನಿಗದಿಯಾದ ಶುಲ್ಕವನ್ನು ತೆತ್ತು, ಯಾರು ಬೇಕಾದರೂ ಸರ್ಕಾರಿ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಿ ಸಹಿಯುಳ್ಳ ವರದಿಯನ್ನು ಪಡೆಯಬಹುದು. ಮಾತ್ರೆಯಲ್ಲಿ ಎಷ್ಟಿದೆಯೆಂಬುದಕ್ಕೆ ಅವರು ಹೊಣೆ. ಎಷ್ಟು ನುಂಗಿದೆವೆಂಬುದಕ್ಕೆ ನಾವೇ ಹೊಣೆ. ಮುಂದಿನ ಸಲ ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ, ಔಷಧದ ಹೆಸರನ್ನೂ ಮಿಲಿಗ್ರಾಮನ್ನೂ ಕೊಟ್ಟ ವೇಳೆಯನ್ನೂ ಒಂದು ಕಾಗದದಲ್ಲಿ ಬರೆದಿಡಿರೆಂದು ಬೇಡಿ, ನಮ್ಮ ಮಾತನ್ನು ಮುಗಿಸುತ್ತೇವೆ.