ಬೇಲಿ ಗುಂಡಿ: ಒಣ ನೆಲಕ್ಕೆ ಹಾರೆ ಒಂದೇ ಸಾಲದು, ರಾತ್ರಿಯ ನೀರೂ ಬೇಕು

ಇವತ್ತಿನ ವಿಷಯ ಕೇಳಿದ್ರೆ ನಿಮಗೆ ನಗು ಬರಬಹುದು. ವಿಷಯ ಏನಪ್ಪಾ ಅಂದ್ರೆ, ಗುಂಡಿ. ರಸ್ತೆ ಗುಂಡಿ ಅಲ್ಲ, ಅದಕ್ಕೆ ಒಂದು ಸಂಚಿಕೆ ಸಾಲೋದಿಲ್ಲ. ಇದು ಬೇಲಿ ಕಂಬ ನೆಡೋಕೆ ತೋಡುವ ಗುಂಡಿ. ಅದೂ ಏಪ್ರಿಲ್ ಬಿಸಿಲಿಗೆ ಕಾದು, ಹಾರೆ ಹಾಕಿದ್ರೆ ‘ಠಣ್’ ಅನ್ನೋ ನೆಲದಲ್ಲಿ.

ಊರಿಂದ ಅಪ್ಪನ ಫೋನ್ ಬರೋದು ಇದೇ ಹೊತ್ತಲ್ಲಿ. ‘ಹೊಲಕ್ಕೆ ಬೇಲಿ ಹಾಕಿಸ್ಬೇಕು ಕಣೋ, ಎರಡು ದಿನ ರಜೆ ಹಾಕಿ ಬಾ’ ಅಂತಾರೆ. ಬೇಸಿಗೆಯಲ್ಲೇ ಯಾಕೆ? ಬೆಳೆ ಕೊಯ್ದು ಹೊಲ ಖಾಲಿ ಇರುತ್ತೆ. ಕಲ್ಲುಕಂಬ ತುಂಬಿದ ಟ್ರ್ಯಾಕ್ಟರ್ ಎಲ್ಲಿ ಬೇಕಾದ್ರೂ ಓಡಾಡಬಹುದು. ಮಳೆ ಶುರುವಾದ್ರೆ ಉಳುಮೆ, ಬಿತ್ತನೆ. ಆಗ ಆಳೂ ಸಿಗೋದಿಲ್ಲ, ಪುರುಸೊತ್ತೂ ಇರೋದಿಲ್ಲ. ಹಾಗಾಗಿ ನೆಲ ಅತ್ಯಂತ ಗಟ್ಟಿಯಾಗಿರುವ ತಿಂಗಳಲ್ಲೇ ಈ ಕೆಲಸ ಬೀಳುತ್ತೆ.

ಮೊದಲು ಒಂದು ಲೆಕ್ಕ ಮಾಡೋಣ. ಒಂದು ಎಕರೆ ಚೌಕದ ಹೊಲ ಅಂದುಕೊಳ್ಳಿ. ಅದರ ಸುತ್ತಳತೆ ಸುಮಾರು 835 ಅಡಿ. 8 ಅಡಿಗೊಂದು ಕಂಬ ಅಂದ್ರೆ 104 ಗುಂಡಿ. ಒಂದೊಂದು ಗುಂಡಿ ಒಂದು ಅಡಿ ಉದ್ದ, ಒಂದು ಅಡಿ ಅಗಲ, ಎರಡು ಅಡಿ ಆಳ ಅಂತಿಟ್ಟುಕೊಂಡ್ರೆ, ಪ್ರತಿ ಗುಂಡಿಯಿಂದ ಸುಮಾರು 90 ಕೆ.ಜಿ. ಮಣ್ಣು ಮೇಲೆ ಬರುತ್ತೆ. ಒಟ್ಟು 9 ಟನ್‌ಗೂ ಹೆಚ್ಚು! ಅಷ್ಟನ್ನೂ ಯಾರೋ ಒಬ್ಬರು ಹಾರೆಯಲ್ಲಿ ಕುಟ್ಟಿ, ಬಗ್ಗಿ, ಕೈಯಲ್ಲಿ ಬಾಚಿ ತೆಗೀಬೇಕು. ‘ಗುಂಡಿ ತಾನೇ, ಅದರಲ್ಲೇನಿದೆ’ ಅನ್ನೋ ಮುಂಚೆ ಈ ಅಂಕಿ ನೆನಪಿರಲಿ.

ಈ ಲೆಕ್ಕದಲ್ಲೇ ಮೊದಲ ಉಪಾಯವೂ ಇದೆ. ಗುಂಡಿ ಅಗಲ ಮಾಡಬೇಡಿ. 9 ಇಂಚು ಅಗಲದ ದುಂಡನೆಯ ಗುಂಡಿ ತೆಗೆದ್ರೆ ಮಣ್ಣು ಅರ್ಧಕ್ಕಿಂತ ಕಡಿಮೆ. 4 ಇಂಚು ದಪ್ಪದ ಕಂಬಕ್ಕೆ ಅಷ್ಟು ಜಾಗ ಸಾಕು. ಕಂಬವನ್ನು ಹಿಡಿದು ನಿಲ್ಲಿಸೋದು ಸುತ್ತಲಿನ ಕದಲದ ನೆಲ. ನಾವು ಅಗೆದು ಮತ್ತೆ ತುಂಬಿದ ಮಣ್ಣಿಗೆ ಅಷ್ಟು ಹಿಡಿತ ಇರೋದಿಲ್ಲ. ಆಳದಲ್ಲಿ ಮಾತ್ರ ಜಿಪುಣತನ ಬೇಡ. ಕಂಬದ ಉದ್ದದ ಮೂರನೇ ಒಂದು ಭಾಗ ನೆಲದೊಳಗೆ ಇರಲಿ. 6 ಅಡಿ ಕಂಬಕ್ಕೆ 2 ಅಡಿ.

ಇನ್ನು ನೆಲಕ್ಕೆ ಬರೋಣ. ಕರ್ನಾಟಕದಲ್ಲಿ ‘ಗಟ್ಟಿ ನೆಲ’ ಅಂದ್ರೆ ಒಂದೇ ಥರದ್ದಲ್ಲ. ಕೋಲಾರ, ತುಮಕೂರು, ಚಿತ್ರದುರ್ಗದ ಕಡೆಯ ಕೆಂಪು ಮಣ್ಣು ಒದ್ದೆಯಾಗಿದ್ದಾಗ ಸಲಿಕೆಗೂ ಬಗ್ಗುತ್ತೆ, ಒಣಗಿದ್ರೆ ಇಟ್ಟಿಗೆ. ಮಣ್ಣಿನ ಸಣ್ಣ ಕಣಗಳ ನಡುವಿನ ನೀರು ಆರಿದ ಹಾಗೆ ಕಣಗಳು ಒಂದಕ್ಕೊಂದು ಬಿಗಿಯಾಗಿ ಅಂಟಿಕೊಳ್ತವೆ. ಕೆಲವು ಕಡೆ ಒಂದು ಅಡಿ ಕೆಳಗೆ ಕಲ್ಲುಚೂರು ಬೆರೆತ ಗರಸು ಸಿಗುತ್ತೆ. ಅಲ್ಲಿ ಗುದ್ದಲಿಯ ಆಟ ಮುಗೀತು, ಹಾರೆಯೇ ಬೇಕು.

ವಿಜಯಪುರ, ಗದಗ, ರಾಯಚೂರಿನ ಎರೆ ಭೂಮಿಯ ಕಥೆ ಬೇರೆ. ಅದು ನೀರು ಕುಡಿದ್ರೆ ಉಬ್ಬುತ್ತೆ, ಒಣಗಿದ್ರೆ ಕುಗ್ಗಿ ಬಾಯಿ ಬಿಡುತ್ತೆ. ಬೇಸಿಗೆಯ ಬಿರುಕಿನಲ್ಲಿ ಕೈ ಇಳಿಸಬಹುದು. ಅಲ್ಲಿ ಅಗೆಯೋದಕ್ಕಿಂತ ದೊಡ್ಡ ತಲೆನೋವು ಆಮೇಲಿನದು: ಪ್ರತಿ ವರ್ಷ ಉಬ್ಬಿ ಕುಗ್ಗುವ ಮಣ್ಣು ಕಂಬವನ್ನು ಅಲುಗಾಡಿಸಿ ವಾಲಿಸುತ್ತೆ. ಅದಕ್ಕೇ ಎರೆ ಹೊಲದಲ್ಲಿ ಇನ್ನೂ ಅರ್ಧ ಅಡಿ, ಒಂದು ಅಡಿ ಹೆಚ್ಚು ಆಳಕ್ಕೆ ಹೋಗೋದು ಒಳ್ಳೇದು.

ಕರಾವಳಿಯಲ್ಲಿ ಮುರಕಲ್ಲು. 1800ರ ಸುಮಾರಿಗೆ ಮೈಸೂರು, ಕೆನರಾ, ಮಲಬಾರು ಸುತ್ತಿದ ಫ್ರಾನ್ಸಿಸ್ ಬುಕಾನನ್ ಇದಕ್ಕೆ ‘ಲ್ಯಾಟರೈಟ್’ ಅಂತ ಹೆಸರಿಟ್ಟರು. ಇಟ್ಟಿಗೆಗೆ ಲ್ಯಾಟಿನ್ ಭಾಷೆಯಲ್ಲಿರುವ ಪದದಿಂದ ಬಂದ ಹೆಸರು ಅದು. ನೆಲದೊಳಗೆ ಇರುವಾಗ ಕೊಡಲಿಯಲ್ಲಿ ಕಡಿಯುವಷ್ಟು ಮೆತ್ತಗಿರುವ ಈ ಕಲ್ಲು ಗಾಳಿ, ಬಿಸಿಲಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತೆ. ಹಾಗಾಗಿ ಮೇಲಿನ ಪದರ ಒಡೆಯೋದೇ ಕಷ್ಟ, ಆಮೇಲೆ ಸ್ವಲ್ಪ ಸಲೀಸು.

ಸರಿ, ಈಗ ಕೆಲಸ ಶುರು ಮಾಡೋಣ. ಗುಂಡಿಗೂ ಮುಂಚೆ ಗಡಿ. ಅಳತೆ ಬಗ್ಗೆ ಪಕ್ಕದ ಹೊಲದವರ ಜೊತೆ ಚಿಕ್ಕ ತಕರಾರಿದ್ರೂ ಹದ್ದುಬಸ್ತಿಗೆ ಅರ್ಜಿ ಹಾಕಿ, ಸರ್ವೆ ಮಾಡಿಸಿ. ಕೋರ್ಟು ಅಲೆಯೋದಕ್ಕಿಂತ ಅದು ಅಗ್ಗ. ಹಳೇ ಬಾಂದು ಕಲ್ಲು ಹಾರೆಗೆ ಅಡ್ಡ ಬಂತು ಅಂತ ಕಿತ್ತು ಪಕ್ಕಕ್ಕೆ ಎಸೀಬೇಡಿ, ಅದು ಅಪರಾಧ.

ನಾಲ್ಕು ಮೂಲೆ ಗುರುತಿಸಿ, ದಾರ ಕಟ್ಟಿ, ಗುಂಡಿ ಬರೋ ಕಡೆ ಸುಣ್ಣದ ಪುಡಿಯಲ್ಲಿ ಗುರುತು ಹಾಕಿ. ಮೊದಲ ದಿನ ಸಂಜೆ ಪ್ರತಿ ಗುರುತಿನಲ್ಲೂ ನಾಲ್ಕು ಇಂಚಿನಷ್ಟು ಮಾತ್ರ ಅಗೆಯಿರಿ, ಬಟ್ಟಲಿನ ಥರ. ನಡುವೆ ಹಾರೆಯಿಂದ ಒಂದು ತೂತು ಹೊಡೀರಿ. ಆಮೇಲೆ ನಿಧಾನವಾಗಿ ನೀರು ಹುಯ್ಯಿರಿ, ಗುಂಡಿಗೆ 10 ಲೀಟರ್ ಸಾಕು. ಬಟ್ಟಲು ಮಾಡದೆ ಹುಯ್ದರೆ ನೀರು ಮೇಲೇ ಹರಿದು ಹೋಗುತ್ತೆ. ತೂತು ಇದ್ರೆ ಅದು ನಮಗೆ ಬೇಕಾದ ಆಳಕ್ಕೇ ಇಳಿಯುತ್ತೆ. 104 ಗುಂಡಿಗೆ ಲೆಕ್ಕ ಹಾಕಿದ್ರೂ ಒಂದು ಸಾವಿರ ಲೀಟರ್ ಚಿಲ್ಲರೆ, ಅಂದ್ರೆ 200 ಲೀಟರಿನ ಐದಾರು ಡ್ರಮ್. ಆದ್ರೆ ಒಂದೇ ಸಂಜೆ ಎಲ್ಲದಕ್ಕೂ ಹುಯ್ಯಬೇಡಿ. ಮರುದಿನ ತೋಡೋಕೆ ಆಗುವಷ್ಟಕ್ಕೆ ಮಾತ್ರ ಸಾಕು, ಉಳಿದದ್ದು ಬಿಸಿಲಿಗೆ ಮತ್ತೆ ಆರಿಹೋಗುತ್ತೆ.

ರಾತ್ರಿಯೆಲ್ಲ ನೀರು ತನ್ನ ಕೆಲಸ ಮಾಡಿರುತ್ತೆ. ಬೆಳಿಗ್ಗೆ ಆರು ಗಂಟೆಗೆ ಅದೇ ನೆಲಕ್ಕೆ ಹಾರೆ ಹಾಕಿ ನೋಡಿ, ಸದ್ದೇ ಬೇರೆ. ನೀರು ಪೂರ್ತಿ ಇಂಗಿರಬೇಕು, ಅದು ಮುಖ್ಯ. ಕೆಸರಲ್ಲಿ ಅಗೆದ್ರೆ ಮಣ್ಣು ಸಲಿಕೆಗೆ ಮೆತ್ತಿಕೊಂಡು ಇನ್ನಷ್ಟು ಕಾಟ. ಒದ್ದೆ ಇರುವಷ್ಟು ತೆಗೆದು, ಕೆಳಗೆ ಮತ್ತೆ ಗಟ್ಟಿ ಸಿಕ್ಕಿದ್ರೆ ಮತ್ತೊಂದು ಸುತ್ತು ನೀರು ಬಿಟ್ಟು ಮುಂದಿನ ಗುಂಡಿಗೆ ಹೋಗಿ. ಗಟ್ಟಿ ನೆಲದ ಜೊತೆ ಜಗಳ ಆಡುವವರಿಗಿಂತ ಕಾಯುವವರು ಬೇಗ ಮುಗಿಸ್ತಾರೆ.

ಹಾರೆ ಹಿಡಿಯೋದರಲ್ಲೂ ಒಂದು ರೀತಿ ಇದೆ. ಜಿಮ್‌ನಲ್ಲಿ ಎಷ್ಟು ಕೆ.ಜಿ. ಎತ್ತುತ್ತೀರಿ ಅನ್ನೋದು ಇಲ್ಲಿ ಲೆಕ್ಕಕ್ಕಿಲ್ಲ. ನೆಟ್ಟಗೆ ಎತ್ತಿ, ನೆಟ್ಟಗೆ ಬಿಡಿ. ಕುಟ್ಟೋದು ಹಾರೆಯ ಭಾರ, ನಿಮ್ಮ ಭುಜ ಅಲ್ಲ. ನೆಲಕ್ಕೆ ತಾಗುವ ಕ್ಷಣದಲ್ಲಿ ಹಿಡಿತ ಸ್ವಲ್ಪ ಸಡಿಲ ಇರಲಿ, ಇಲ್ಲದಿದ್ರೆ ಆ ಅದುರು ನೇರ ಮಣಿಕಟ್ಟಿಗೆ ಬರುತ್ತೆ. ಮೊದಲು ನಡುವೆ ಒಡೆದು, ಆಮೇಲೆ ಅಂಚನ್ನು ಒಳಕ್ಕೆ ಕೆತ್ತುತ್ತಾ ಬನ್ನಿ. ಆಳ ಆದ ಮೇಲೆ ಸಲಿಕೆ ಒಳಗೆ ತಿರುಗೋದಿಲ್ಲ. ತೆಂಗಿನ ಚಿಪ್ಪು, ಹಳೇ ಡಬ್ಬಿ ಇಟ್ಟುಕೊಳ್ಳಿ. ಕಲ್ಲು ಸಿಕ್ಕಿದ್ರೆ ಸುತ್ತ ಬಿಡಿಸಿ ಮೀಟಿ ತೆಗೀರಿ. ಅಲುಗಾಡದ ಬಂಡೆ ಆದ್ರೆ ದಾರದ ಉದ್ದಕ್ಕೆ ಅರ್ಧ ಅಡಿ ಆಚೀಚೆ ಸರೀರಿ, ದಾರ ಬಿಟ್ಟು ಹೋಗಬೇಡಿ.

‘ಮೆಷಿನ್ ಇದೆಯಲ್ಲ ಸಾರ್’ ಅಂತೀರಿ. ಇದೆ. ಕೈಯಲ್ಲಿ ಹಿಡಿಯೋ ಪೆಟ್ರೋಲ್ ಗುಂಡಿ ಮೆಷಿನ್ ಬಾಡಿಗೆಗೂ ಸಿಗುತ್ತೆ. ಆದ್ರೆ ಒಣ ನೆಲದಲ್ಲಿ, ಬೇರಿಗೋ ಕಲ್ಲಿಗೋ ಅದರ ಬೈರಿಗೆ ಸಿಕ್ಕಿಕೊಂಡ್ರೆ ಮೆಷಿನ್ನೇ ನಿಮ್ಮನ್ನು ತಿರುಗಿಸುತ್ತೆ. ಇಬ್ಬರು ಹಿಡಿಯುವುದಕ್ಕೆ ಮಾಡಿದ ಮೆಷಿನ್ನನ್ನು ಒಬ್ಬರೇ ಹಿಡೀಬೇಡಿ. ಮೆಷಿನ್‌ಗೂ ಹಿಂದಿನ ದಿನ ನೀರು ಬಿಟ್ಟ ನೆಲವೇ ಬೇಕು.

ಟ್ರ್ಯಾಕ್ಟರ್‌ಗೆ ಜೋಡಿಸೋದು ಇನ್ನೂ ವೇಗ, ಅಪಾಯವೂ ಹೆಚ್ಚು. ಟ್ರ್ಯಾಕ್ಟರ್ ಹಿಂದಿನ ಪಿ.ಟಿ.ಒ. ಶಾಫ್ಟ್ ಸಾಮಾನ್ಯವಾಗಿ ನಿಮಿಷಕ್ಕೆ 540 ಸುತ್ತು ತಿರುಗುತ್ತೆ. ಅಂದ್ರೆ ಸೆಕೆಂಡಿಗೆ 9 ಸುತ್ತು. ಹೆಗಲ ಮೇಲಿನ ಟವೆಲ್, ಲುಂಗಿ ತುದಿ, ಸೀರೆ ಸೆರಗು, ದುಪಟ್ಟಾ ಅದಕ್ಕೆ ಸಿಕ್ಕಿದ್ರೆ ‘ಅಯ್ಯೋ’ ಅನ್ನೋಷ್ಟು ಹೊತ್ತಲ್ಲಿ ಮೈಯನ್ನೇ ಎಳೆದುಕೊಳ್ಳುತ್ತೆ. ಶಾಫ್ಟ್ ಮೇಲಿನ ಪ್ಲಾಸ್ಟಿಕ್ ಕವರ್ ಇಲ್ಲದಿದ್ರೆ ಕೆಲಸ ಶುರು ಮಾಡಿಸಬೇಡಿ. ಗುಂಡಿಯಿಂದ ಮಣ್ಣು ಬಾಚೋಕೆ ಮುಂಚೆ ಇಂಜಿನ್ ಪೂರ್ತಿ ಆಫ್ ಆಗಿರಲಿ. ಚಿಕ್ಕಪ್ಪ ‘ಏನಾಗಲ್ಲ ಬಿಡೋ’ ಅಂದ್ರೂ, ಈ ಒಂದು ಮಾತಲ್ಲಿ ಅವರಿಗೆ ಎದುರು ಮಾತಾಡಿ, ಪರವಾಗಿಲ್ಲ.

ಕಂಬ ನಿಲ್ಲಿಸೋದು ಕೊನೆಯ ಹಂತ. 6 ಅಡಿಯ, 4 ಇಂಚು ದಪ್ಪದ ಕಲ್ಲುಕಂಬ ಸುಮಾರು 50 ಕೆ.ಜಿ. ತೂಗುತ್ತೆ, ಇಬ್ಬರು ಎತ್ತಿ. ಸುತ್ತ ಸಣ್ಣ ಕಲ್ಲು, ಮಣ್ಣು ಹಾಕಿ ಅರ್ಧ ಅಡಿಗೊಮ್ಮೆ ಹಾರೆಯ ಹಿಂಬದಿಯಿಂದ ದಮ್ಮಸ್ಸು ಮಾಡಿ. ಆ ಮಣ್ಣು ಸ್ವಲ್ಪ ತೇವ ಇರಲಿ. ಒಣ ಪುಡಿ ತುಂಬಿದ್ರೆ ಮೊದಲ ಮಳೆಗೆ ಕುಸಿದು ಕಂಬ ವಾಲುತ್ತೆ. ಒಂದು ದಿನದಲ್ಲಿ ಎಷ್ಟು ಕಂಬ ನಿಲ್ಲಿಸೋಕೆ ಆಗುತ್ತೋ ಅಷ್ಟೇ ಗುಂಡಿ ತೋಡಿ. ರಾತ್ರಿ ತೆರೆದೇ ಬಿಟ್ಟ ಗುಂಡಿಗೆ ದನದ ಕಾಲು ಸಿಕ್ಕಿದ್ರೆ ಮುರಿದೇ ಹೋಗುತ್ತೆ. ಬಿಡಲೇಬೇಕಾದ್ರೆ ಚಪ್ಪಡಿ ಕಲ್ಲೋ, ಹಲಗೆಯೋ ಮುಚ್ಚಿ.

ಇಷ್ಟು ಹೊತ್ತು ನೆಲದ ಬಗ್ಗೆ ಮಾತಾಡಿದ್ವಿ. ಆ ನೆಲ ಅಗೆಯುವವರ ಬಗ್ಗೆ ಒಂದೆರಡು ಮಾತು ಆಡ್ಲೇಬೇಕು. ಗುಂಡಿಗೆ ಇಷ್ಟು ರೂಪಾಯಿ ಅಂತ ಗುತ್ತಿಗೆ ಮಾತಾಡೋದು ಹಲವು ಕಡೆ ಇದೆ. ಆದ್ರೆ ಒಂದೇ ಹೊಲದಲ್ಲಿ ಒಂದು ಬದಿ ಕೆಂಪು ಮಣ್ಣು, ಇನ್ನೊಂದು ಬದಿ ಗರಸು ಇರಬಹುದು. ಒಂದು ಗುಂಡಿಗೆ ಇಪ್ಪತ್ತು ನಿಮಿಷ, ಇನ್ನೊಂದಕ್ಕೆ ಒಂದೂವರೆ ಗಂಟೆ ಹಿಡೀಬಹುದು. ಎರಡಕ್ಕೂ ಒಂದೇ ದರ ಅಂದ್ರೆ ನಷ್ಟ ಯಾರಿಗೆ? ಹಾರೆ ಹಿಡಿದವರಿಗೆ. ಅವರು ಕೂಲಿ ಉಳಿಸಿಕೊಳ್ಳೋಕೆ ಒಂದೂವರೆ ಅಡಿಗೇ ನಿಲ್ಲಿಸಿದ್ರೆ ಬೇಲಿ ಬೀಳೋದು ನಿಮ್ಮದು. ಅದಕ್ಕೇ ದರ ಮಾತಾಡೋ ಮುಂಚೆ ನಾಲ್ಕೂ ಬದಿಯಲ್ಲಿ ಒಂದೊಂದು ಗುಂಡಿ ತೋಡಿಸಿ ನೋಡಿ. ಆಮೇಲೆ ಬದಿಗೊಂದು ದರ ಮಾಡಿ, ಅಥವಾ ದಿನಗೂಲಿ ಕೊಡಿ.

ಬಿಸಿಲಿನ ವಿಷಯದಲ್ಲಿ ಹಟ ಬೇಡ. ಬೆಳಿಗ್ಗೆ ಆರಕ್ಕೆ ಶುರು, ಹನ್ನೊಂದಕ್ಕೆ ನಿಲ್ಲಿಸಿ, ಬಿಸಿಲು ಇಳಿದ ಮೇಲೆ ಮತ್ತೆ. ನೀರು, ಉಪ್ಪು ಹಾಕಿದ ಮಜ್ಜಿಗೆ, ಅಂಬಲಿ ಹತ್ತಿರದಲ್ಲೇ ಇರಲಿ. ಕೆಲಸ ಮಾಡ್ತಿರೋರು ತಡವರಿಸಿ ಮಾತಾಡಿದ್ರೆ, ತಬ್ಬಿಬ್ಬಾದ್ರೆ, ಮೈ ಕೆಂಡದ ಹಾಗೆ ಸುಡ್ತಿದ್ರೆ ಅದು ಬರೀ ಸುಸ್ತಲ್ಲ. ತಕ್ಷಣ ನೆರಳಿಗೆ ಕರೆದೊಯ್ದು, ಮೈಗೆ ನೀರು ಹಾಕಿ ಗಾಳಿ ಬೀಸಿ, 108ಕ್ಕೆ ಫೋನ್ ಮಾಡಿ.

ಇನ್ನೂ ಒಂದು ದಾರಿ ಇದೆ. ಅವಸರ ಇಲ್ಲದಿದ್ರೆ ಏಪ್ರಿಲ್ ಕೊನೆ, ಮೇ ಮೊದಲ ವಾರದ ಭರಣಿ ಮಳೆಗೆ ಕಾಯಿರಿ. ಒಂದು ಹದ ಮಳೆ ಬಿದ್ದು ಎರಡು ದಿನ ಬಿಟ್ಟು ಅಗೆದ್ರೆ, ಡ್ರಮ್ಮಿನ ನೀರೂ ಉಳಿಯುತ್ತೆ, ಕೈಯ ಬೊಬ್ಬೆಯೂ ಕಡಿಮೆ ಆಗುತ್ತೆ.

ನಿಮ್ಮ ಊರಲ್ಲಿ ಗಟ್ಟಿ ನೆಲಕ್ಕೆ ಏನಂತಾರೆ, ಅದನ್ನು ಒಡೆಯೋಕೆ ಯಾವ ಉಪಾಯ ಮಾಡ್ತಾರೆ, ಕಳಿಸಿ. ಈ ಸಂಚಿಕೆಯನ್ನು ಬೇಲಿ ಹಾಕಿಸೋ ಯೋಚನೆಯಲ್ಲಿರೋ ಗೆಳೆಯರಿಗೆ ಕಳಿಸಿ.